ವಸಡು ಬಾತಾಗ: ದಂತವೈದ್ಯರನ್ನು ಕಾಣುವವರೆಗೆ ಮನೆಯಲ್ಲಿ ಏನು ಮಾಡಬೇಕು?



ಜಮಾ-ಖರ್ಚಿನ ಪಟ್ಟಿ, ಮಕ್ಕಳ ಫಲಿತಾಂಶ, ಹೊಸ ವರ್ಷದ ಅರ್ಜಿಯ ಸೂಚನೆ ಇರುವ ಈ ವರದಿಯಲ್ಲಿ ಹಲ್ಲು-ವಸಡಿನ ಪಾಠ ಏಕೆ ಎಂದು ಕೆಲವರಿಗೆ ಅನಿಸಬಹುದು. ಅದಕ್ಕೆ ಕಾರಣವಿದೆ.

ಬ್ಯಾಡಗಿ ಕಡೆಯ ನಮ್ಮ ವಿದ್ಯಾರ್ಥಿನಿಯೊಬ್ಬಳು ದ್ವಿತೀಯ ಪಿಯುಸಿ ಓದುತ್ತಿದ್ದಳು. ಪರೀಕ್ಷೆಗೆ ಮೂರು ವಾರ ಇರುವಾಗ ಕೆಳದವಡೆಯ ಕೊನೆಯಲ್ಲಿ ವಸಡು ಬಾತು ನೋವು ಶುರುವಾಯಿತು. ತಾಯಿಯದು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಸುಗ್ಗಿಯ ಕಾಲ, ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಯಿತು. ಔಷಧ ಅಂಗಡಿಯಿಂದ ನಾಲ್ಕು ಗುಳಿಗೆ ತಂದುಕೊಟ್ಟರು. ಎರಡು ದಿನಕ್ಕೆ ನೋವು ಇಳಿಯಿತು. "ಅಮ್ಮಿ, ಈಗ ಆರಾಮ ಅನಿಸ್ತದ, ಪರೀಕ್ಷೆ ಮುಗದ ಮ್ಯಾಲೆ ಡಾಕ್ಟರ್ ಹತ್ರ ಹೋಗೂಣು" ಎಂದು ಮಗಳೂ ಹೇಳಿದಳು. ಪರೀಕ್ಷೆಯ ಹಿಂದಿನ ದಿನ ಅವಳಿಗೆ ಎರಡು ಬೆರಳಗಲ ಬಾಯಿ ತೆರೆಯುವುದೂ ಆಗಲಿಲ್ಲ. ಗದ್ದದ ಕೆಳಗೆ ಬಾವು, ಮೈತುಂಬ ಜ್ವರ. ಮೂರು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ತಪ್ಪಿದ ವಿಷಯವನ್ನು ಪರೀಕ್ಷೆ-2ರಲ್ಲಿ ಬರೆದು ಪಾಸಾದಳು, ಅಲ್ಹಮ್ದುಲಿಲ್ಲಾಹ್. ಆದರೆ ಕಾಲೇಜು ಫೀಗೆಂದು ಮನೆಯವರು ಕೂಡಿಟ್ಟಿದ್ದ ಹಣ ಆಸ್ಪತ್ರೆಗೆ ಹೋಯಿತು.

ಆ ತಾಯಿ ಮಾಡಿದ್ದರಲ್ಲಿ ಅಲಕ್ಷ್ಯ ಇರಲಿಲ್ಲ. ನೋವು ಹೋದರೆ ರೋಗ ಹೋಯಿತು ಎಂದು ನಂಬಿದ್ದರು. ವಸಡಿನ ವಿಷಯದಲ್ಲಿ ಈ ನಂಬಿಕೆ ತಪ್ಪು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಮಕ್ಕಳು ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಬೇಕು.

1. ವಸಡಿನಲ್ಲಿ ನಡೆಯುವುದೇನು?

ಹಲ್ಲಿನ ಬುಡವನ್ನು ಸುತ್ತಿಕೊಂಡಿರುವ ಮಾಂಸವೇ ವಸಡು. ನಮ್ಮ ಮನೆಗಳಲ್ಲಿ ಇದಕ್ಕೆ ಮಸೂಡೆ ಎನ್ನುತ್ತೇವೆ. ಉಂಡ ಮೇಲೆ ಹಲ್ಲಿನ ಮೇಲೆ ಮೆತ್ತಗಿನ, ಅಂಟಾದ ಪದರ ಕೂಡುತ್ತದೆ. ಅದು ಬರೀ ಅನ್ನದ ಅಗುಳಲ್ಲ, ಕೋಟಿಗಟ್ಟಲೆ ರೋಗಾಣುಗಳ ಗೂಡು. ದಿನವೂ ಉಜ್ಜಿ ತೆಗೆಯದಿದ್ದರೆ ಅದು ಗಟ್ಟಿಯಾಗಿ ಕಿಟ್ಟವಾಗುತ್ತದೆ. ವಸಡು ಕೆಂಪಾಗಿ, ಬಾತು, ಉಜ್ಜುವಾಗ ರಕ್ತ ಬರುತ್ತದೆ.

1965ರಲ್ಲಿ ಡೆನ್ಮಾರ್ಕ್ ದೇಶದಲ್ಲಿ ಹೆರಾಲ್ಡ್ ಲೋ ಎಂಬ ದಂತವಿಜ್ಞಾನಿ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಆರೋಗ್ಯವಂತರಾದ 12 ಜನ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಸುಮಾರು 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಬಾತುಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ವಾಸಿಯಾಯಿತು. ಇದರಿಂದ ಎರಡು ವಿಷಯ ತಿಳಿಯುತ್ತದೆ. ವಸಡು ಕೆಡಲು ಎರಡು-ಮೂರು ವಾರ ಸಾಕು. ಆರಂಭದಲ್ಲೇ ಸ್ವಚ್ಛ ಮಾಡಿದರೆ ಅದು ಪೂರ್ತಿ ಸರಿಹೋಗುತ್ತದೆ.

ಆರಂಭದಲ್ಲಿ ಬಿಟ್ಟರೆ ರೋಗ ಒಳಗೆ ಇಳಿಯುತ್ತದೆ. ವಸಡು ಹಲ್ಲಿನಿಂದ ಬಿಟ್ಟುಕೊಂಡು ಜೇಬಿನಂತೆ ಸಂದು ಬೀಳುತ್ತದೆ, ಹಲ್ಲನ್ನು ಹಿಡಿದ ಎಲುಬು ಕರಗುತ್ತದೆ. ಹೀಗೆ ಕರಗಿದ ಎಲುಬು ತಾನಾಗಿ ಮರಳಿ ಬರುವುದಿಲ್ಲ. ಆ ಸಂದಿನ ಬಾಯಿ ಮುಚ್ಚಿದರೆ ಒಳಗೆ ಕೀವು ತುಂಬುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ತೀವ್ರ ಸ್ವರೂಪದ ವಸಡು ರೋಗ ಇರುವವರು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು. ಆದ್ದರಿಂದ ಇದನ್ನು ಹೇಳಿಕೊಳ್ಳಲು ನಾಚಿಕೆ ಬೇಡ.

17ರಿಂದ 25 ವರ್ಷದ ಮಕ್ಕಳಲ್ಲಿ ಇನ್ನೊಂದು ಬಗೆ ಹೆಚ್ಚು. ಬುದ್ಧಿಹಲ್ಲು, ಅಂದರೆ ಅಕಲ್ ದಾಢ್, ಅರ್ಧ ಮೂಡಿ ಅರ್ಧ ವಸಡಿನ ಕೆಳಗೆ ಉಳಿದಿರುತ್ತದೆ. ಅದರ ಮೇಲಿನ ಮಾಂಸದ ಮುಚ್ಚಳದ ಕೆಳಗೆ ಅನ್ನ ಸಿಕ್ಕಿಕೊಂಡು ಸೋಂಕಾಗುತ್ತದೆ. ಪಿಯುಸಿ, ಡಿಗ್ರಿ, ಐಟಿಐ ಓದುವ ವಯಸ್ಸೂ ಇದೇ. ಮೇಲೆ ಹೇಳಿದ ಹುಡುಗಿಗೆ ಆಗಿದ್ದೂ ಇದೇ.

2. ಸೋಂಕು ಇರಬಹುದೆಂದು ಹೇಗೆ ತಿಳಿಯುವುದು?

ಕನ್ನಡಿ ಮುಂದೆ ನಿಂತು, ಮೊಬೈಲ್ ಬೆಳಕು ಹಾಕಿ ನೋಡಿರಿ. ಇವುಗಳಲ್ಲಿ ಒಂದೆರಡು ಇದ್ದರೂ ಸೋಂಕಿನ ಸಂಶಯ ಪಡಬೇಕು:

- ಒಂದು ಕಡೆ ವಸಡು ಕೆಂಪಾಗಿ ಬಾತಿರುವುದು, ಮುಟ್ಟಿದರೆ ನೋಯುವುದು
- ವಸಡಿನ ಮೇಲೆ ಗುಳ್ಳೆ, ಒತ್ತಿದರೆ ಕೀವು ಬರುವುದು
- ಬಾಯಲ್ಲಿ ಕೆಟ್ಟ ರುಚಿ, ಉಜ್ಜಿದರೂ ಹೋಗದ ವಾಸನೆ
- ಕಚ್ಚಿದರೆ ನೋವು, ಹಲ್ಲು ಎತ್ತರವಾದಂತೆ ಅಥವಾ ಸಡಿಲವಾದಂತೆ ಅನಿಸುವುದು
- ದವಡೆಯ ಕೆಳಗೆ ಗಂಟು ಕೈಗೆ ಸಿಗುವುದು

ಗುಳ್ಳೆ ತಾನಾಗಿ ಒಡೆದು ಕೀವು ಹೊರಬಂದರೆ ನೋವು ಥಟ್ಟನೆ ನಿಲ್ಲುತ್ತದೆ. ಆಗ ಬಹಳ ಜನ ಆಸ್ಪತ್ರೆಯ ಮಾತು ಕೈಬಿಡುತ್ತಾರೆ. ಕೀವು ಹೊರಗೆ ಬಂದಿತು ಅಷ್ಟೆ, ಅದು ಹುಟ್ಟುವ ಜಾಗ ಒಳಗೇ ಇದೆ.

3. ಬೆಳಗಿನ ತನಕ ಕಾಯಬಾರದ ಲಕ್ಷಣಗಳು

ಈ ಭಾಗವನ್ನು ಎರಡು ಸಲ ಓದಿರಿ. ಕೆಳಗಿನ ಯಾವುದಾದರೂ ಒಂದು ಕಂಡರೂ ಮನೆಮದ್ದು ಬಿಟ್ಟು, ಹಗಲಿರಲಿ ರಾತ್ರಿಯಿರಲಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಬೇಕು:

- ಬಾವು ಕಣ್ಣಿನ ಕಡೆಗೆ, ಗದ್ದದ ಕೆಳಗೆ ಅಥವಾ ಕುತ್ತಿಗೆಗೆ ಹಬ್ಬುವುದು
- ಉಗುಳು, ನೀರು ನುಂಗಲು ಆಗದಿರುವುದು, ಜೊಲ್ಲು ಸುರಿಯುವುದು
- ಉಸಿರಾಟಕ್ಕೆ ತೊಂದರೆ, ದನಿ ಬದಲಾಗುವುದು, ನಾಲಿಗೆ ಮೇಲಕ್ಕೆ ಎತ್ತಿದಂತಾಗುವುದು
- ಬಾಯಿ ಸರಿಯಾಗಿ ತೆರೆಯದಿರುವುದು
- ಚಳಿ-ಜ್ವರ, ವಿಪರೀತ ಸುಸ್ತು, ಮಗು ಮಂಕಾಗಿ ಮಲಗಿರುವುದು

ಕೆಳದವಡೆಯ ಕೀವು ನಾಲಿಗೆಯ ಕೆಳಗೆ ಮತ್ತು ಕುತ್ತಿಗೆಗೆ ಇಳಿದರೆ ಉಸಿರಿನ ದಾರಿಯೇ ಮುಚ್ಚಬಹುದು. 1836ರಲ್ಲಿ ಜರ್ಮನಿಯ ಲುಡ್ವಿಗ್ ಎಂಬ ವೈದ್ಯರು ಇದನ್ನು ವಿವರಿಸಿದರು. ಇಂದಿಗೂ ಈ ರೋಗವನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಒಳ್ಳೆಯ ಔಷಧಗಳಿರುವ ಈ ಕಾಲದಲ್ಲೂ ತಡ ಮಾಡಿದರೆ ಜೀವಕ್ಕೆ ಅಪಾಯ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿರಿ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದು ಬೇಡ.

4. ದಂತವೈದ್ಯರನ್ನು ಕಾಣುವವರೆಗೆ ಮಾಡಬೇಕಾದದ್ದು

ಮೇಲಿನ ಅಪಾಯದ ಲಕ್ಷಣ ಇಲ್ಲದಿದ್ದರೂ ಒಂದೆರಡು ದಿನದೊಳಗೆ ದಂತವೈದ್ಯರಿಗೆ ತೋರಿಸಬೇಕು. ಆವರೆಗೆ ಹೀಗೆ ಮಾಡಿರಿ.

*ಉಪ್ಪುನೀರು.* ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಕಲಸಿರಿ. ಒಂದೊಂದು ಗುಟುಕು ಬಾಯಿಗೆ ತೆಗೆದುಕೊಂಡು, ನೋವಿರುವ ಕಡೆ ಅರ್ಧ ನಿಮಿಷ ಇಟ್ಟು ಉಗುಳಿರಿ. ಊಟವಾದ ಮೇಲೆ ಮತ್ತು ಮಲಗುವ ಮುನ್ನ, ದಿನಕ್ಕೆ ನಾಲ್ಕೈದು ಸಲ ಮಾಡಬಹುದು. ನುಂಗಬಾರದು. ಬಾಯಿ ಮುಕ್ಕಳಿಸಿ ಉಗುಳಲು ಬಾರದ ಚಿಕ್ಕ ಮಕ್ಕಳಿಗೆ ಇದು ಬೇಡ.

*ಹಲ್ಲುಜ್ಜುವುದು.* ರಕ್ತ ಬರುತ್ತದೆ ಎಂದು ಉಜ್ಜುವುದನ್ನು ಬಿಡಬಾರದು, ಬಿಟ್ಟರೆ ಸೋಂಕು ಹೆಚ್ಚುತ್ತದೆ. ಮೆತ್ತನೆಯ ಬ್ರಷ್ ತೆಗೆದುಕೊಂಡು ಬೆಳಿಗ್ಗೆ ಮತ್ತು ರಾತ್ರಿ ನಿಧಾನವಾಗಿ ಉಜ್ಜಿರಿ. ಇದ್ದಿಲು, ಇಟ್ಟಿಗೆ ಪುಡಿ, ಬೂದಿ ಬೇಡ. ಅವು ವಸಡನ್ನು ಗೀರುತ್ತವೆ.

*ನೋವಿಗೆ.* ಬೇರೆ ಕಾಯಿಲೆ ಇಲ್ಲದ ದೊಡ್ಡವರು 500 ಮಿಲಿಗ್ರಾಂ ಪ್ಯಾರಸಿಟಮಾಲ್ ಗುಳಿಗೆ ಒಂದು ಅಥವಾ ಎರಡು ತೆಗೆದುಕೊಳ್ಳಬಹುದು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಕನಿಷ್ಠ 4ರಿಂದ 6 ಗಂಟೆ ಅಂತರ ಇರಬೇಕು. 24 ಗಂಟೆಯಲ್ಲಿ ಒಟ್ಟು 8 ಗುಳಿಗೆ ಮೀರಲೇಬಾರದು. 650 ಮಿಲಿಗ್ರಾಂ ಗುಳಿಗೆಯಾದರೆ 6 ಮೀರಬಾರದು. ನೆಗಡಿ-ಜ್ವರದ ಗುಳಿಗೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿರಿ. ಲಿವರ್ ತೊಂದರೆ ಇರುವವರು, ತೀರ ಸಣಕಲು ಮೈಯವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ತೂಕದ ಪ್ರಕಾರ ಪ್ರಮಾಣ ಬೇರೆ, ದೊಡ್ಡವರ ಗುಳಿಗೆ ಮುರಿದು ಅಂದಾಜಿನಲ್ಲಿ ಕೊಡಬೇಡಿರಿ. ಐಬುಪ್ರೊಫೆನ್ ಜಾತಿಯ ಗುಳಿಗೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ದಮ್ಮು ಇರುವವರಿಗೂ, ಬಸುರಿಯರಿಗೂ, ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೂ ಒಗ್ಗುವುದಿಲ್ಲ.

*ಬಾವಿಗೆ.* ಐಸ್ ಅಥವಾ ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಕೆನ್ನೆಯ ಹೊರಗೆ 10 ನಿಮಿಷ ಇಟ್ಟು ತೆಗೆಯಿರಿ. ಐಸನ್ನು ಬರಿ ಚರ್ಮದ ಮೇಲೆ ಇಡದೆ ಬಟ್ಟೆಯಲ್ಲಿ ಸುತ್ತಿರಿ.

*ಊಟ.* ಗಂಜಿ, ಮೊಸರನ್ನ, ಬೇಳೆಸಾರಿನಲ್ಲಿ ನೆನೆಸಿದ ರೊಟ್ಟಿಯಂಥ ಮೆತ್ತಗಿನ ಊಟ ಕೊಡಿರಿ. ಇನ್ನೊಂದು ಕಡೆಯಿಂದ ಅಗಿಯಲು ಹೇಳಿರಿ. ನೀರು ಹೆಚ್ಚು ಕುಡಿಸಿರಿ. ಖಾರ, ಸಿಹಿ, ಗಟ್ಟಿ ಕಡಲೆ ಬೇಡ.

5. ಮಾಡಬಾರದ್ದು

ಸೂಜಿ, ಪಿನ್ನು, ಕಡ್ಡಿಯಿಂದ ಗುಳ್ಳೆ ಚುಚ್ಚಬಾರದು. ಬಿಸಿ ಉಪ್ಪಿನ ಗಂಟು, ಇಟ್ಟಿಗೆ ಕಾವು ಕೆನ್ನೆಗೆ ಕೊಡಬಾರದು, ಬಾವು ಹೆಚ್ಚಬಹುದು. ಆಸ್ಪಿರಿನ್ ಗುಳಿಗೆಯನ್ನು ವಸಡಿನ ಮೇಲೆ ಇಡಬಾರದು, ಅದು ಮಾಂಸವನ್ನು ಸುಡುತ್ತದೆ. 16 ವರ್ಷದೊಳಗಿನ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಲವಂಗದ ಎಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ ನಿಜ, ಆದರೆ ಹಾಗೆಯೇ ಸುರಿದರೆ ಅದೂ ಸುಡುತ್ತದೆ.

ನೋವಿಗೆಂದು ನಶ್ಯ, ತಂಬಾಕು, ಮಿಸ್ರಿ ಒತ್ತಿಕೊಳ್ಳುವ ರೂಢಿ ನಮ್ಮ ಅಜ್ಜಿಯರ ಕಾಲದಿಂದ ಇದೆ. ಬಿಡಲು ಕಷ್ಟವೆಂದು ಗೊತ್ತು. ಆದರೆ ತಂಬಾಕಿನಿಂದಲೇ ವಸಡು ಕೆಡುತ್ತದೆ. ಬೀಡಿ-ಸಿಗರೇಟು ಸೇದುವವರಿಗೆ ರಕ್ತ ಕಡಿಮೆ ಬರುವುದರಿಂದ ಒಳಗಿನ ರೋಗ ಕಾಣುವುದೂ ಇಲ್ಲ. ಗುಟ್ಕಾವನ್ನು ಕರ್ನಾಟಕದಲ್ಲಿ 2013ರಲ್ಲೇ ನಿಷೇಧಿಸಿದ್ದಾರೆ, ಆದರೂ ಅಡಿಕೆ ಪುಡಿಯ ಪ್ಯಾಕೆಟ್ಟು ಹುಡುಗರ ಜೇಬಿನಲ್ಲಿ ಸಿಗುತ್ತದೆ. ಬಾಯಿ ಬರಬರುತ್ತ ಕಡಿಮೆ ತೆರೆಯುತ್ತಿದ್ದರೆ, ಎರಡು ವಾರವಾದರೂ ಮಾಯದ ಹುಣ್ಣು ಅಥವಾ ಬಿಳಿ ಮಚ್ಚೆ ಇದ್ದರೆ ತಡಮಾಡದೆ ತೋರಿಸಬೇಕು. ಬಿಡಲು ಸಹಾಯ ಬೇಕಾದವರು 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬಹುದು.

ಬ್ಯಾಡಗಿಯ ತಾಯಂದಿರಿಗೆ ಒಂದು ಮಾತು. ಮೆಣಸಿನಕಾಯಿ ಕೆಲಸ ಮಾಡಿದ ಕೈಯಿಂದ ಮಕ್ಕಳ ವಸಡನ್ನು ಮುಟ್ಟಿ ನೋಡಬೇಡಿರಿ. ಸಾಬೂನು ಹಚ್ಚಿ ಎರಡು ಸಲ ತೊಳೆದ ಮೇಲೆ ನೋಡಿರಿ. ಬಾತ ವಸಡಿಗೆ ಖಾರ ತಾಗಿದರೆ ಉರಿ ತಡೆಯಲಾಗದು. ಹಾಗೆಯೇ ನಮ್ಮ ಹಾವೇರಿ ಏಲಕ್ಕಿಯ ಊರು. ಏಲಕ್ಕಿ ಅಗಿದರೆ ಬಾಯಿಯ ವಾಸನೆ ಸ್ವಲ್ಪ ಹೊತ್ತು ಮುಚ್ಚಿಹೋಗುತ್ತದೆ, ಕೀವು ಮಾತ್ರ ಅಲ್ಲೇ ಇರುತ್ತದೆ.

6. ಅಂಗಡಿಯಿಂದ ತಂದ ಆ್ಯಂಟಿಬಯೊಟಿಕ್ ಏಕೆ ಬೇಡ?

ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು ಇದೇ. ಆ್ಯಂಟಿಬಯೊಟಿಕ್ ರಕ್ತದ ಮೂಲಕ ಹೋಗುತ್ತದೆ. ಕೀವು ತುಂಬಿದ ಗೂಡಿನೊಳಗೆ, ಹಲ್ಲಿಗೆ ಅಂಟಿದ ಕಿಟ್ಟದೊಳಗೆ ಅದು ಸರಿಯಾಗಿ ತಲುಪುವುದಿಲ್ಲ. ಸುತ್ತಲಿನ ಉರಿ ತಗ್ಗುವುದರಿಂದ ನಮಗೆ ವಾಸಿಯಾದಂತೆ ಕಾಣುತ್ತದೆ. ಗುಳಿಗೆ ನಿಲ್ಲಿಸಿದ ಕೆಲವು ದಿನಕ್ಕೆ ಮತ್ತೆ ಬಾವು ಬರುತ್ತದೆ. ನಿಜವಾದ ಚಿಕಿತ್ಸೆಯೆಂದರೆ ಕೀವು ಹೊರಹಾಕುವುದು, ಕಿಟ್ಟ ತೆಗೆಯುವುದು, ಬೇಕಾದರೆ ರೂಟ್ ಕೆನಾಲ್ ಮಾಡುವುದು ಅಥವಾ ಹಲ್ಲು ಕೀಳುವುದು. ಇದು ವೈದ್ಯರ ಕೈಕೆಲಸ, ಗುಳಿಗೆಯಿಂದ ಆಗುವುದಲ್ಲ.

ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರ ತಮ್ಮ ನೊಬೆಲ್ ಭಾಷಣದಲ್ಲಿ, ಅರೆಬರೆ ಪ್ರಮಾಣದಲ್ಲಿ ಈ ಔಷಧ ತೆಗೆದುಕೊಂಡರೆ ರೋಗಾಣುಗಳು ಅದಕ್ಕೆ ಬಗ್ಗದಂತೆ ಆಗುತ್ತವೆ ಎಂದು ಎಚ್ಚರಿಸಿದ್ದರು. ನಾಲ್ಕು ಗುಳಿಗೆ ನುಂಗಿ ಬಿಡುವುದೆಂದರೆ ಅದೇ. ನಮ್ಮ ಕಾನೂನಿನಲ್ಲೂ ಇವುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ವೈದ್ಯರು ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿರಿ. ಹಿಂದೆ ಯಾವುದಾದರೂ ಔಷಧದಿಂದ ಮೈಮೇಲೆ ದದ್ದು, ಉಸಿರಾಟದ ತೊಂದರೆ ಆಗಿದ್ದರೆ ಮೊದಲೇ ಹೇಳಿರಿ.

7. ವಿಶೇಷ ಎಚ್ಚರ ಬೇಕಾದವರು

*ಸಕ್ಕರೆ ಕಾಯಿಲೆ ಇರುವವರು.* ಸಕ್ಕರೆ ಹೆಚ್ಚಿದ್ದರೆ ವಸಡಿನ ಸೋಂಕು ಬೇಗ ಬೆಳೆಯುತ್ತದೆ. ಸೋಂಕು ಇದ್ದರೆ ಸಕ್ಕರೆ ಹತೋಟಿಗೆ ಬರುವುದಿಲ್ಲ. ಆದ್ದರಿಂದ ವಸಡು ಬಾತ ದಿನವೇ ಸಕ್ಕರೆ ಪರೀಕ್ಷೆ ಮಾಡಿಸಿರಿ. ಅಬ್ಬಾ ಅಥವಾ ದಾದಿಗೆ ಮೇಲಿಂದ ಮೇಲೆ ವಸಡು ಬಾಯುತ್ತಿದ್ದರೆ, ಇದುವರೆಗೆ ಗೊತ್ತಾಗದ ಸಕ್ಕರೆ ಕಾಯಿಲೆ ಇರಬಹುದೇ ಎಂದೂ ನೋಡಿಸಿರಿ.

*ಬಸುರಿಯರು.* ಬಸುರಿನಲ್ಲಿ ವಸಡಿನಿಂದ ರಕ್ತ ಬರುವುದು ಹೆಚ್ಚು. ಹೆರಿಗೆಯ ತನಕ ಹಲ್ಲು ಮುಟ್ಟಿಸಬಾರದು ಎಂಬ ಮಾತು ಸರಿಯಲ್ಲ. ತಿಂಗಳು ಎಷ್ಟೆಂದು ಹೇಳಿದರೆ ವೈದ್ಯರು ತಕ್ಕ ಔಷಧ, ತಕ್ಕ ಚಿಕಿತ್ಸೆ ಕೊಡುತ್ತಾರೆ.

*ಚಿಕ್ಕ ಮಕ್ಕಳು.* ಹೇಗೂ ಬೀಳುವ ಹಾಲುಹಲ್ಲು ಎಂದು ಬಿಡಬೇಡಿರಿ. ಅದರ ಬುಡದ ಕೀವು ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲನ್ನು ಕೆಡಿಸಬಹುದು.

8. ಮಿಸ್ವಾಕ್ ಮತ್ತು ರೋಜಾ

ಮಿಸ್ವಾಕ್ ಒಳ್ಳೆಯ ಅಭ್ಯಾಸ. ತುದಿಯನ್ನು ನೆನೆಸಿ, ಜಗಿದು ಮೆತ್ತಗೆ ಮಾಡಿ, ಒಣಗಿದ ನಾರನ್ನು ಆಗಾಗ ಕತ್ತರಿಸಿ ಬಳಸಬೇಕು. ವಸಡು ಬಾತಿರುವ ಕಡೆ ಗಟ್ಟಿ ನಾರಿನಿಂದ ತಿಕ್ಕಬಾರದು. ವಾಸಿಯಾಗುವ ತನಕ ಆ ಜಾಗಕ್ಕೆ ಮೆತ್ತನೆಯ ಬ್ರಷ್ ಸಾಕು. ರಂಜಾನಿನಲ್ಲಿ ಉಪ್ಪುನೀರು ಮುಕ್ಕಳಿಸುವುದನ್ನು ಇಫ್ತಾರ್ ಆದಮೇಲೆ ಮತ್ತು ಸಹರಿಯ ಹೊತ್ತಿಗೆ ಇಟ್ಟುಕೊಳ್ಳಬಹುದು. ಆದರೆ ಜ್ವರ, ಬಾವು ಇದ್ದು ಔಷಧ ಬೇಕಾದಾಗ ರೋಜಾ ನೆಪದಲ್ಲಿ ಚಿಕಿತ್ಸೆ ಮುಂದೂಡಬೇಡಿರಿ. ರೋಗಿಗಳು ರೋಜಾವನ್ನು ಬೇರೆ ದಿನಗಳಲ್ಲಿ ಪೂರೈಸಲು ನಮ್ಮ ದೀನಿನಲ್ಲೇ ರಿಯಾಯಿತಿ ಇದೆ. ಸಂದೇಹವಿದ್ದರೆ ವೈದ್ಯರನ್ನೂ ಊರಿನ ಆಲಿಮರನ್ನೂ ಕೇಳಿರಿ.

9. ಎಲ್ಲಿಗೆ ಹೋಗುವುದು?

ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆ. ಬ್ಯಾಡಗಿ, ರಾಣೇಬೆನ್ನೂರಿನವರು ತಾಲೂಕಿನ ಆಸ್ಪತ್ರೆಯಲ್ಲಿ ದಂತವೈದ್ಯರು ಇರುವ ದಿನ ಮತ್ತು ವೇಳೆ ವಿಚಾರಿಸಿ ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ದಾವಣಗೆರೆಯಲ್ಲಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಮತ್ತು ಬಾಪೂಜಿ ದಂತ ಕಾಲೇಜು, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಕಾಲೇಜು ಇವೆ. ದಂತ ಕಾಲೇಜುಗಳಲ್ಲಿ ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ವಿದ್ಯಾರ್ಥಿ ವೈದ್ಯರು ನೋಡುವುದರಿಂದ ಖಾಸಗಿ ದವಾಖಾನೆಗಿಂತ ಸಾಮಾನ್ಯವಾಗಿ ಖರ್ಚು ಕಡಿಮೆ, ಆದರೆ ಸಮಯ ಹಿಡಿಯುತ್ತದೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಹುಬ್ಬಳ್ಳಿ-ದಾವಣಗೆರೆ ರೈಲು ಮಾರ್ಗದಲ್ಲೇ ಇವೆ, ಬೆಳಿಗ್ಗೆ ಬೇಗ ಹೊರಡಿರಿ.

ದಂತವೈದ್ಯರು ಎರಡು ದಿನ ಸಿಗದಿದ್ದರೆ ಸಾಮಾನ್ಯ ವೈದ್ಯರಿಗಾದರೂ ತೋರಿಸಿರಿ. ಹೋಗುವಾಗ ಮೂರು ವಿಷಯ ಚೀಟಿಯಲ್ಲಿ ಬರೆದುಕೊಳ್ಳಿರಿ: ಎಂದಿನಿಂದ ಬಾವು, ಯಾವ ಗುಳಿಗೆ ಎಷ್ಟು ತೆಗೆದುಕೊಂಡದ್ದು, ಬೇರೆ ಯಾವ ಕಾಯಿಲೆ ಇರುವುದು. ಖಾಲಿ ಗುಳಿಗೆ ಪಟ್ಟಿಯನ್ನೂ ಒಯ್ಯಿರಿ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಅಂಜಬೇಡಿರಿ. ಸಡಿಲವಾಗಿದ್ದು ರೋಗದಿಂದ. ಅದನ್ನು ಮುಚ್ಚಿಟ್ಟಿದ್ದ ಕಿಟ್ಟ ತೆಗೆದಾಗ ನಮಗೆ ಗೊತ್ತಾಗುತ್ತದೆ, ಅಷ್ಟೆ.

10. ಮಕ್ಕಳು ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ವಸಡಿನಿಂದ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬೇಕೇ?
2. ಒಂದು ಲೋಟ ನೀರಿಗೆ ಎಷ್ಟು ಉಪ್ಪು?
3. ರಾತ್ರಿಯೇ ಆಸ್ಪತ್ರೆಗೆ ಹೋಗಬೇಕಾದ ಮೂರು ಲಕ್ಷಣ ಹೇಳಿರಿ.
4. ಗುಳ್ಳೆ ಒಡೆದು ನೋವು ನಿಂತರೆ ಮುಂದೇನು ಮಾಡಬೇಕು?
5. ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಯಾರಿಗಿದೆ, ಅವರ ವಸಡನ್ನು ಕಡೆಯ ಸಲ ಯಾವಾಗ ತೋರಿಸಿದ್ದು?

ಐದನೆಯ ಪ್ರಶ್ನೆಗೆ ಉತ್ತರ ಈ ಪಾಠದಲ್ಲಿಲ್ಲ, ನಿಮ್ಮ ಮನೆಯಲ್ಲೇ ಇದೆ.

ದಾನಿಗಳಲ್ಲಿ ಒಂದು ವಿನಂತಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರ ಮಗುವಿಗೆ ಮುಖ ಬಾತಿದೆ ಎಂದು ತಿಳಿದರೆ ಅಂದು ಕೂಲಿ ಹಿಡಿಯದೆ ಅರ್ಧ ದಿನ ರಜೆ ಕೊಡಿರಿ. ಆ ಅರ್ಧ ದಿನದಿಂದ ಒಂದು ಮಗುವಿನ ಪರೀಕ್ಷೆ ಉಳಿಯಬಹುದು. ತಂದೆ-ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೆ: ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿರಿ, ಪರೀಕ್ಷೆ ಇದೆ ಎಂಬ ಕಾರಣಕ್ಕೇ ಈಗಲೇ ತೋರಿಸಿರಿ. ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ವಿದ್ಯೆಯನ್ನೂ ಕರುಣಿಸಲಿ, ಆಮೀನ್.